ಹಳೆಯ ದೃಶ್ಯವೇ ಇಲ್ಲದ ಘಟನೆಗೆ ಸಾಕ್ಷ್ಯಚಿತ್ರ ಮಾಡುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಭಾಗದಲ್ಲಿ ಎಲ್ಲರೂ ಮರೆತಿರುವ ಒಂದು ಘಟನೆಯ ಮೇಲೆ ಸಾಕ್ಷ್ಯಚಿತ್ರ ಮಾಡಬೇಕೆಂದಿದ್ದೇವೆ. ಆ ದಿನದ ಒಂದೇ ಒಂದು ದೃಶ್ಯದ ತುಣುಕೂ ಇಲ್ಲ. ತೆರೆಯ ಮೇಲೆ ಏನು ತೋರಿಸುವುದು?

ಉತ್ತರ: ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನೇ ತೆಗೆದುಕೊಳ್ಳಿ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ, ಅಂದರೆ ನಿಷೇಧ ಮೀರಿ ಕಾಂಗ್ರೆಸ್ ಧ್ವಜ ಹಾರಿಸಲು, ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂದಿತು ಸರ್ಕಾರ. ಜನರ ಲೆಕ್ಕ 30 ದಾಟುತ್ತದೆ.

ಇಂಥ ಕಡೆ ಹೆಚ್ಚಿನವರು ಮಾಡುವ ತಪ್ಪೆಂದರೆ ಬೇರೆ ಊರಿನ, ಬೇರೆ ವರ್ಷದ ಮೆರವಣಿಗೆಯ ತುಣುಕು ತಂದು ಅಂಟಿಸುವುದು. ನೋಡುವವರು ಅದನ್ನೇ ವಿದುರಾಶ್ವತ್ಥ ಅಂದುಕೊಳ್ಳುತ್ತಾರೆ. ಅಲ್ಲವೆಂದು ಒಬ್ಬರಿಗೆ ಗೊತ್ತಾದರೂ ಸಾಕು, ನೀವು ನಿಜವಾಗಿ ಹುಡುಕಿ ತಂದದ್ದನ್ನೂ ಯಾರೂ ನಂಬುವುದಿಲ್ಲ.

ದೃಶ್ಯ ಇಲ್ಲದಿರುವುದು ದೊಡ್ಡ ಕೊರತೆಯಲ್ಲ. ಸತ್ತವರ ಆ ಎರಡು ಲೆಕ್ಕಗಳ ನಡುವಿನ ಅಂತರವೇ ಚಿತ್ರದ ಬೆನ್ನೆಲುಬು. ಒಂದು ಕಡೆ ಸರ್ಕಾರದ ಕಡತ, ವಿಚಾರಣಾ ಸಮಿತಿಯ ವರದಿ. ಇನ್ನೊಂದು ಕಡೆ ಮನೆಮನೆಯ ಹೆಸರುಗಳು. ಕಡತ ತೋರಿಸುವಾಗ ಮೊದಲು ಇಡೀ ಪುಟ, ಆಮೇಲೆ ಬೇಕಾದ ಸಾಲು. ಆ ಸಾಲನ್ನು ನೀವು ಎರಡು ಸಲ ಗಟ್ಟಿಯಾಗಿ ಓದುವಷ್ಟು ಹೊತ್ತು ತೆರೆಯ ಮೇಲೆ ನಿಲ್ಲಿಸಿ. ಪುಟ ಹೀಗೆ ಬಂದು ಹಾಗೆ ಹೋದರೆ ಅದು ಪುರಾವೆಯಲ್ಲ, ಅಲಂಕಾರ.

ಮಾತಾಡಿಸುವುದರಲ್ಲೇ ಹೆಚ್ಚು ಕೆಲಸವಿದೆ. 1938ರಲ್ಲಿ ಹತ್ತು ವರ್ಷದವರಾಗಿದ್ದವರಿಗೂ ಈಗ ನೂರು ಸಮೀಪಿಸಿರುತ್ತದೆ. ಹಾಗಾಗಿ ನಿಮಗೆ ಸಿಗುವುದು ಬಹುಪಾಲು ಮಕ್ಕಳು, ಮೊಮ್ಮಕ್ಕಳು. "ಎಷ್ಟು ಜನ ಸತ್ತರು?" ಎಂದು ಕೇಳಿದರೆ ಸ್ಮಾರಕದ ಕಲ್ಲಿನಲ್ಲೋ ಭಾಷಣದಲ್ಲೋ ಇದ್ದದ್ದೇ ಬರುತ್ತದೆ. "ನಿಮ್ಮ ಮನೆಯಿಂದ ಯಾರು ಹೋಗಿದ್ದರು? ಯಾವ ದಾರಿಯಲ್ಲಿ ವಾಪಸ್ ಬಂದರು? ಇದನ್ನು ನಿಮಗೆ ಹೇಳಿದ್ದು ಯಾರು?" ಎಂದು ಕೇಳಿ. ಮನೆಯಲ್ಲಿ ಉಳಿದ ನೆನಪು ಯಾವುದು, ಸಭೆಯಲ್ಲಿ ಕೇಳಿದ್ದು ಯಾವುದು ಅನ್ನುವುದು ಆಗ ಬೇರ್ಪಡುತ್ತದೆ. ಉತ್ತರ ಮುಗಿಯಿತು ಅನ್ನಿಸಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ, ಸುಮ್ಮನಿರಿ. ಬೇಕಾದ ಮಾತು ಎಷ್ಟೋ ಸಲ ಆಗಲೇ ಬರುವುದು.

ಬಟ್ಟೆಗೆ ಸಿಕ್ಕಿಸುವ ಮೈಕ್ ಗದ್ದದಿಂದ ಒಂದು ಗೇಣು ಕೆಳಗಿರಲಿ, ಸೆರಗು ಅದಕ್ಕೆ ಉಜ್ಜದಿರಲಿ. ಫ್ಯಾನ್, ಫ್ರಿಜ್ ಆಫ್ ಮಾಡಿ. ನಿಮ್ಮ ಗಾಡಿ ಕೀಲಿಯನ್ನು ಫ್ರಿಜ್ಜಿನೊಳಗೇ ಇಟ್ಟರೆ ಮತ್ತೆ ಆನ್ ಮಾಡುವುದನ್ನು ಮರೆಯುವುದಿಲ್ಲ. ಹೊರಡುವ ಮುನ್ನ ಯಾರೂ ಮಾತಾಡದೆ ಒಂದು ನಿಮಿಷ ಆ ಕೋಣೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಿ. ಅದಿಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಕಡೆಯೆಲ್ಲ ಖಾಲಿ ಹೊಡೆಯುತ್ತದೆ. ಟ್ಯೂಬ್‌ಲೈಟ್ ಕೆಳಗೆ ಕ್ಯಾಮೆರಾವನ್ನು ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡಿಗೆ ಇಟ್ಟರೆ ಬೆಳಕು ಮಿನುಗುವುದು ತಪ್ಪುತ್ತದೆ.

ಮನೆಯವರು ಕೊಡುವ 4×6 ಇಂಚಿನ ಫೋಟೋವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ 3600 ಪಿಕ್ಸೆಲ್ ಅಗಲ ಸಿಗುತ್ತದೆ. ಎಚ್‌ಡಿಗೆ ಧಾರಾಳ, 4ಕೆ ಚೌಕಟ್ಟಿನ 3840 ಪಿಕ್ಸೆಲ್ ಅಗಲಕ್ಕೆ ಸಾಲದು, ಅದಕ್ಕೆ 1200 ಡಿಪಿಐ ಇಡಿ. ಅಲ್ಲೇ ಸ್ಕ್ಯಾನ್ ಮಾಡಿ, ಫೋಟೋ ಅಲ್ಲೇ ಹಿಂದಿರುಗಿಸಿ, ಬಳಸಲು ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಇನ್ನು ಜಾಗ. ಅದೇ ಏಪ್ರಿಲ್ ಬಿಸಿಲಿನಲ್ಲಿ ಚಿತ್ರೀಕರಿಸಿ. ಊರಿಗೆ ಹೆಸರು ತಂದ ಹಳೆಯ ಅಶ್ವತ್ಥ ಮರ ಈಗಿಲ್ಲ, ಹೊಸ ಕಟ್ಟಡಗಳು ಎದ್ದಿವೆ. ಅವನ್ನು ಚೌಕಟ್ಟಿನಿಂದ ತಪ್ಪಿಸಬೇಡಿ. ಹಳೆಯ ಗ್ರಾಮ ನಕ್ಷೆ ಕೈಯಲ್ಲಿಟ್ಟುಕೊಂಡು, ಜನ ಎಲ್ಲಿ ನಿಂತಿದ್ದರು ಎಂದು ಕನಿಷ್ಠ ಇಬ್ಬರಿಂದ ಬೇರೆಬೇರೆಯಾಗಿ ತೋರಿಸಿಕೊಳ್ಳಿ. ಇಬ್ಬರೂ ಬೇರೆ ಜಾಗ ತೋರಿಸಿದರೆ ಎರಡನ್ನೂ ಚಿತ್ರದಲ್ಲಿಡಿ.