ಗೋಡೆಗೆ ಅಗೆದ ಗುಂಡಿಯೇ ಕೊಳ

ಹಕ್ಕಿ, ಚಿಟ್ಟೆ, ಹುಳುಗಳನ್ನು ನೋಡಿ ಕಲಿಯುವುದಕ್ಕೆ ಬೆಂಗಳೂರಿನ ಅಂಚಿನಲ್ಲಿ ಯಾರಾದರೂ ಒಂದು ಕೇಂದ್ರ ಕಟ್ಟಲು ಹೊರಟರೆ ನಕ್ಷೆಯಲ್ಲಿ ಏನಿರುತ್ತದೆ ಅಂತ ನೋಡದೆಯೇ ಹೇಳಬಹುದು. ಮೇಲೆ ಸೋಲಾರ್ ಪ್ಯಾನೆಲ್. ಮುಂದೆ ನೆಲದಿಂದ ಸೂರಿನವರೆಗೆ ಗಾಜು. ಗೋಡೆಗೊಂದು ಬಳ್ಳಿ. ಗೇಟಿನ ಹತ್ತಿರ 'ಹಸಿರು ಕಟ್ಟಡ' ಅಂತ ಬೋರ್ಡು. ಗೋಡೆ ಯಾವುದರದು ಅಂತ ಕೇಳಿದರೆ ಮಾತ್ರ ಉತ್ತರ ಸಪ್ಪೆ. ಸಿಮೆಂಟ್ ಬ್ಲಾಕು, ಇಲ್ಲವೇ ಸುಟ್ಟ ಇಟ್ಟಿಗೆ.

ಗಾಜಿನ ವಿಷಯ ಬೇಗ ಮುಗಿಸಿಬಿಡೋಣ. ಹಕ್ಕಿಗೆ ಗಾಜು ಕಾಣುವುದಿಲ್ಲ, ಅದರೊಳಗೆ ಬಿದ್ದ ಮರ ಮತ್ತು ಆಕಾಶದ ಬಿಂಬ ಕಾಣುತ್ತದೆ. ಅತ್ತ ಹಾರುತ್ತದೆ, ಬಡಿದುಕೊಳ್ಳುತ್ತದೆ, ಸಾಯುತ್ತದೆ. ಅಮೆರಿಕವೊಂದರಲ್ಲೇ ವರ್ಷಕ್ಕೆ 36 ಕೋಟಿಯಿಂದ 99 ಕೋಟಿ ಹಕ್ಕಿಗಳು ಹೀಗೆ ಸಾಯುತ್ತವೆ ಎಂಬುದು 2014ರ ಒಂದು ಅಂದಾಜು. ಗಾಜು ಬೇಕೇ ಬೇಕು ಅಂದರೆ ಅದರ ಹೊರಮೈಗೆ ಎರಡೆರಡು ಇಂಚಿಗೆ ಒಂದು ಚುಕ್ಕಿ ಇಡಬೇಕು. ಹಕ್ಕಿ ತೋರಿಸಲು ಕಟ್ಟಿದ ಮನೆಯೇ ಹಕ್ಕಿ ಕೊಲ್ಲುವುದು ಎಂಥ ನಾಚಿಕೆಗೇಡು!

ಈಗ ಗೋಡೆಗೆ ಬರೋಣ. ಆ ಜಾಗದ ಮಣ್ಣನ್ನೇ ಅಗೆದು, ಜರಡಿ ಹಿಡಿದು, ನೂರಕ್ಕೆ ಏಳರಷ್ಟು ಸಿಮೆಂಟ್ ಸೇರಿಸಿ, ಕೈಯಲ್ಲಿ ಒತ್ತುವ ಯಂತ್ರಕ್ಕೆ ಹಾಕಿ ಇಟ್ಟಿಗೆ ಮಾಡಬಹುದು. ಸುಡುವ ಕೆಲಸ ಇಲ್ಲ. ಇದನ್ನು ಹೇಳಿದ ತಕ್ಷಣ ಬರುವ ಪ್ರಶ್ನೆ ಒಂದೇ: 'ಮಳೆ ಬಂದರೆ ಕರಗಲ್ವಾ?' ಸುಮ್ನೆ ಮಣ್ಣು ಕಲಸಿ ಒಣಗಿಸಿದರೆ ಕರಗುತ್ತದೆ, ನಿಜ. ಆದರೆ ಮಣ್ಣು ಅಂದರೆ ಎಲ್ಲ ಮಣ್ಣೂ ಒಂದೇ ಅಲ್ಲ. ಈ ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರು.

ಲಾಲ್‌ಬಾಗಿನ ಬಂಡೆ ಹತ್ತಿದವರೆಲ್ಲ ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲಿನ ಮೇಲೆ ನಿಂತಿದ್ದಾರೆ. ಊರಿನ ಕೆಳಗೆಲ್ಲ ಹೆಚ್ಚುಕಡಿಮೆ ಇಂಥದೇ ಕಲ್ಲು. ಅದರಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಮಳೆನೀರಿಗೆ ಸವೆದು ಸವೆದು ಕೆಯೊಲಿನೈಟ್ ಎಂಬ ಜೇಡಿಯಾಗುತ್ತದೆ. ಕಲ್ಲಿನ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣ ಕೊಡುತ್ತದೆ. ಉತ್ತರ ಕರ್ನಾಟಕದ ಎರೆ ಮಣ್ಣಿನ ಕಥೆ ಬೇರೆ. ಅಲ್ಲಿರುವುದು ಮಾಂಟ್‌ಮೊರಿಲೊನೈಟ್ ಎಂಬ ಇನ್ನೊಂದು ಜಾತಿಯ ಜೇಡಿ.

ಎರಡೂ ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳ ಅಟ್ಟಿಗಳೇ. ಹಸಿ ಹಪ್ಪಳಗಳನ್ನು ಹಿಟ್ಟು ಉದುರಿಸದೆ ಪೇರಿಸಿದರೆ ಒಂದಕ್ಕೊಂದು ಅಂಟಿ ಕೂರುತ್ತವೆ, ಹಿಟ್ಟು ಉದುರಿಸಿ ಪೇರಿಸಿದರೆ ಬಿಡಿಬಿಡಿಯಾಗಿರುತ್ತವೆ. ಕೆಯೊಲಿನೈಟ್ ಮೊದಲನೆಯ ಥರ. ಅದರ ಹಾಳೆಗಳನ್ನು ಹೈಡ್ರೋಜನ್ ಬಂಧಗಳು ಬಿಗಿಯಾಗಿ ಹಿಡಿದಿರುತ್ತವೆ, ನಡುವೆ ನೀರು ನುಗ್ಗುವುದಿಲ್ಲ. ಎರೆ ಮಣ್ಣಿನ ಜೇಡಿ ಎರಡನೆಯ ಥರ. ಹಾಳೆಗಳ ನಡುವೆ ನೀರು ಸಲೀಸಾಗಿ ಹೋಗುತ್ತದೆ, ಅಟ್ಟಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದು ಇದೇ ಕಾರಣಕ್ಕೆ. ಅಂಥ ಮಣ್ಣಿಗೆ ಸಿಮೆಂಟ್ ಅಷ್ಟಾಗಿ ಒಗ್ಗದು, ಸುಣ್ಣ ಬೇಕು. ನಮ್ಮ ಕೆಮ್ಮಣ್ಣಿಗೆ ಸ್ವಲ್ಪ ಸಿಮೆಂಟ್ ಸಾಕು.

ಆದರೂ ಜೇಡಿ ಜಾಸ್ತಿ ಇರಬಾರದು. ಅದರ ಕಣಗಳು ತೀರಾ ಸಣ್ಣವು, ಎಲ್ಲ ಸೇರಿದರೆ ಮೈಯ ವಿಸ್ತಾರ ಅಪಾರ. ಮರಳಿನ ಕಣಗಳನ್ನು ಒಂದಕ್ಕೊಂದು ಹಿಡಿದಿಡಬೇಕಾದ ಸಿಮೆಂಟ್ ಇವುಗಳ ನಡುವೆಯೇ ಕಳೆದುಹೋಗುತ್ತದೆ. ನೂರಕ್ಕೆ 15ರ ಸುಮಾರು ಜೇಡಿ, 65ಕ್ಕಿಂತ ಹೆಚ್ಚು ಮರಳು ಇದ್ದರೆ ಒಳ್ಳೆಯ ಇಟ್ಟಿಗೆ. ಇಲ್ಲಿನ ಮಣ್ಣಿನಲ್ಲಿ ಸಾಮಾನ್ಯವಾಗಿ ಜೇಡಿ ಇದಕ್ಕಿಂತ ಹೆಚ್ಚು, ಹಾಗಾಗಿ ಕ್ವಾರಿ ಪುಡಿ ಬೆರೆಸುತ್ತಾರೆ. ಎಷ್ಟು ಬೆರೆಸಬೇಕು ಅಂತ ಮೊದಲ ಅಂದಾಜಿಗೆ ಒಂದು ಗಾಜಿನ ಬಾಟಲಿ ಸಾಕು. ಮಣ್ಣು, ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಕಣ ನೀರಿನಲ್ಲಿ ಇಳಿಯುವ ವೇಗ ಅದರ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಇರುತ್ತದೆ. 1851ರಲ್ಲಿ ವಿಜ್ಞಾನಿ ಸ್ಟೋಕ್ಸ್ ಕೊಟ್ಟ ಲೆಕ್ಕ ಇದು. ಮಿಲಿಮೀಟರಿನ ಹತ್ತನೇ ಒಂದರಷ್ಟಿರುವ ಮರಳಿನ ಕಣ 10 ಸೆಂಟಿಮೀಟರ್ ಇಳಿಯಲು 10 ಸೆಕೆಂಡಿನ ಆಸುಪಾಸು ಬೇಕು. ಅದಕ್ಕಿಂತ 50 ಪಟ್ಟು ಸಣ್ಣ ಜೇಡಿ ಕಣಕ್ಕೆ 50ರ ವರ್ಗ, ಅಂದರೆ 2500 ಪಟ್ಟು ಹೊತ್ತು. ಹತ್ತಿರ ಹತ್ತಿರ 7 ಗಂಟೆ! ಬೆಳಿಗ್ಗೆ ಕುಲುಕಿಟ್ಟು ಸಂಜೆ ನೋಡಿದರೆ ತಳದಲ್ಲಿ ಮರಳು, ಅದರ ಮೇಲೆ ಹೂಳು, ಎಲ್ಲಕ್ಕಿಂತ ಮೇಲೆ ಜೇಡಿ. ಕಲಿಕಾ ಕೇಂದ್ರಕ್ಕೆ ಬರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ಇದು ಬರೀ ಬಾಯಿಮಾತಿನ ವಿದ್ಯೆ ಅಲ್ಲ. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ವಿಜ್ಞಾನ ಒಯ್ಯಲು ಶುರುಮಾಡಿದ 'ಅಸ್ತ್ರ' ಕೇಂದ್ರದಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ವರ್ಷಗಟ್ಟಲೆ ಈ ಇಟ್ಟಿಗೆಯನ್ನು ಒತ್ತಿ, ನೆನೆಸಿ, ಒಡೆದು ನೋಡಿದ್ದಾರೆ. ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಇದಕ್ಕೆ ಶೇಕಡಾ 60ರಿಂದ 70ರಷ್ಟು ಶಕ್ತಿ ಉಳಿತಾಯ. ಇಷ್ಟಿದ್ದೂ ಮಣ್ಣು ಅಂದರೆ ಬಡವರ ಸಾಮಾನು ಅನ್ನುವವರಿದ್ದಾರೆ. ಅವರ ಗಮನಕ್ಕೆ: ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದು ಕಲ್ಲಿನದಾಗಿದ್ದು 1761ರ ಹೊತ್ತಿಗೆ, ಹೈದರಾಲಿಯ ಕಾಲದಲ್ಲಿ. ಆ ಕಲ್ಲಿನ ಕೋಟೆಯನ್ನೂ 1791ರಲ್ಲಿ ಕಾರ್ನ್‌ವಾಲಿಸನ ಫಿರಂಗಿಗಳು ಒಡೆದವು, ಅದು ಬೇರೆ ಮಾತು.

ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ತಡೆದು ತಡವಾಗಿ ಒಳಗೆ ಬಿಡುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಹಗಲು 34 ಡಿಗ್ರಿ ಇದ್ದರೆ ರಾತ್ರಿ 22ಕ್ಕೆ ಇಳಿಯುತ್ತದೆ. ಬಿಸಿ ಒಳಗೆ ತಲುಪುವ ಹೊತ್ತಿಗೆ ಹೊರಗೆ ತಂಪಾಗಿರುತ್ತದೆ, ಕಿಟಕಿ ತೆರೆದರೆ ಆಯಿತು. ಹಗಲು ರಾತ್ರಿಗೆ ಅಷ್ಟು ವ್ಯತ್ಯಾಸವಿಲ್ಲದ ಕರಾವಳಿಯಲ್ಲಿ ಇದೇ ಗೋಡೆಯಿಂದ ಅಷ್ಟು ಲಾಭವಿಲ್ಲ.

ಇನ್ನು ಗುಂಡಿ. 10,000 ಇಟ್ಟಿಗೆ ಬೇಕು ಅಂದುಕೊಳ್ಳಿ. ಒಂದು 8 ಕಿಲೋ ಅಂದರೆ 80 ಟನ್. ಸಿಮೆಂಟ್, ಕ್ವಾರಿ ಪುಡಿ ಕಳೆದರೆ ನೆಲದಿಂದ ತೆಗೆಯಬೇಕಾದದ್ದು ಸುಮಾರು 25 ಘನ ಮೀಟರ್ ಮಣ್ಣು. ಮೇಲ್ಪದರದ ಗೊಬ್ಬರದ ಮಣ್ಣು ಇಟ್ಟಿಗೆಗೆ ಬೇಡ, ಅದನ್ನು ಗಿಡಗಳಿಗೆ ಎತ್ತಿಡಬೇಕು. ಉಳಿದ ಗುಂಡಿಗೆ 25,000 ಲೀಟರ್ ನೀರು ಹಿಡಿಯುತ್ತದೆ. 200 ಚದರ ಮೀಟರ್ ಸೂರಿನ ಮೇಲೆ ವರ್ಷಕ್ಕೆ ಬೀಳುವ ಮಳೆ ಇದರ ಏಳು ಪಟ್ಟಿಗೂ ಹೆಚ್ಚು. ಅಂಚನ್ನು ಇಳಿಜಾರು ಮಾಡಿದರೆ ಕಪ್ಪೆ ಬರುತ್ತದೆ, ಏರೋಪ್ಲೇನ್ ಚಿಟ್ಟೆ ಬರುತ್ತದೆ, ಹಿಂದೆಯೇ ಮಿಂಚುಳ್ಳಿ. ಗೋಡೆಯೂ ನೋಡುವ ವಸ್ತುವೂ ಒಂದೇ ಗುಂಡಿಯಿಂದ ಬಂದಂತಾಯಿತು.

ಇಷ್ಟು ಲೆಕ್ಕ ಹಾಕಿದ ಮೇಲೆ ವಾಸ್ತು ಹೇಳುವವರು ಬಂದು 'ನೀರು ಈಶಾನ್ಯದಲ್ಲೇ ಇರಬೇಕು' ಅನ್ನುತ್ತಾರೆ. ಜಾಗ ನೈಋತ್ಯಕ್ಕೆ ಇಳಿಜಾರಿದ್ದರೆ? ಮಳೆನೀರು ಅಲ್ಲಿಗೇ ಹರಿಯುತ್ತದೆ. ಈಶಾನ್ಯದಲ್ಲಿ ತೋಡಿದ ಗುಂಡಿಗೆ ಆಮೇಲೆ ಟ್ಯಾಂಕರ್ ಕರೆಸಬೇಕು.

ಈ ಗೋಡೆಗೂ ಕಟ್ಟುಪಾಡುಗಳಿವೆ. ಕಲ್ಲಿನ ಪಾಯ ನೆಲದಿಂದ ಒಂದೂವರೆ ಅಡಿ ಮೇಲೆ ಬರಬೇಕು, ಸಜ್ಜ ಅಗಲವಾಗಿರಬೇಕು. ಒತ್ತಿದ ಇಟ್ಟಿಗೆಗೆ ಮೂರು ನಾಲ್ಕು ವಾರ ನೀರು ಹೊಡೆಯಬೇಕು. ಅವಸರದ ಮೇಸ್ತ್ರಿಗಳು ತಪ್ಪಿಸುವುದು ಇದನ್ನೇ. ಈ ಇಟ್ಟಿಗೆಯ ಭಾರ ಹೊರುವ ಗೋಡೆ ಎರಡು ಅಂತಸ್ತಿಗೆ ಧಾರಾಳ ಸಾಕು. ಅದಕ್ಕಿಂತ ಎತ್ತರಕ್ಕೆ ಹೋಗುವುದಾದರೆ ಲೆಕ್ಕ ಬೇರೆ, ಖರ್ಚೂ ಬೇರೆ. ದೂರದ ಹಕ್ಕಿ ನೋಡಲು ಎತ್ತರ ಬೇಕಾದರೆ ಪಕ್ಕದಲ್ಲಿ ಒಂದು ಮರದ ಅಟ್ಟಣಿಗೆ ಹಾಕಿಕೊಳ್ಳಬಹುದು.