ಕೊಕ್ಕರೆಗೊಂದು ಪಿಗ್ಮಿ ಖಾತೆ

ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿ ಒಂದು ರಿಕ್ಷಾ ಸ್ಟ್ಯಾಂಡ್ ಇದೆ. ಮೇಲೆ ದೊಡ್ಡ ಮಳೆಮರ. ಜೂನ್‌ನಲ್ಲಿ ಮಳೆ ಸರಿಯಾಗಿ ಹಿಡಿದ ಮೇಲೆ ರಿಕ್ಷಾಗಳೆಲ್ಲ ಮೂವತ್ತು ಹೆಜ್ಜೆ ಆಚೆ ಹೋಗಿ ನಿಲ್ಲುತ್ತವೆ. ಯಾಕೆ ಅಂತ ಮೇಲೆ ನೋಡಿದರೆ ಗೊತ್ತಾಗುತ್ತದೆ. ಆದರೆ ಬಾಯಿ ಮುಚ್ಚಿಕೊಂಡು ನೋಡಬೇಕು.

ಬೆಳ್ಳಕ್ಕಿ, ಕೊಳದ ಬಕ, ನೀರುಕಾಗೆ ಎಲ್ಲ ಸೇರಿ ಅಲ್ಲಿ ಸಂಸಾರ ಹೂಡಿರುತ್ತವೆ. ಒಂದೊಂದು ಕೊಂಬೆಯಲ್ಲಿ ನಾಲ್ಕೈದು ಗೂಡು. ಗೂಡು ಅಂದರೆ ಗೀಜಗನ ಕುಸುರಿ ಕೆಲಸ ಅಲ್ಲ. ಒಂದಿಷ್ಟು ಕಡ್ಡಿ ಅಡ್ಡಾದಿಡ್ಡಿ ಇಟ್ಟಿರುತ್ತವೆ, ಅಷ್ಟೆ. ಕಳೆದ ಮಳೆಗಾಲದಲ್ಲಿ ಕಡ್ಡಿಗಳ ಮಧ್ಯೆ ನೀಲಿ ಬಲೆನೂಲು ಕೂಡ ಜೋತಾಡುತ್ತಿತ್ತು. ಮಲ್ಪೆ ಪಕ್ಕದಲ್ಲೇ ಇದೆ ಅಲ್ವಾ, ಅದಕ್ಕೇನು ಬರ.

ಸ್ಟ್ಯಾಂಡಿನ ಹಿರಿಯ ಚಾಲಕರೊಬ್ಬರಿಗೆ ಬೆಳ್ಳಕ್ಕಿ, ಬಕ ಎಲ್ಲವೂ ಒಂದೇ, ತುಳುವಿನ ಕೊರ್ಂಗು. "ಎಂತ ಮಾಡೂದು ಮಾರಾಯ್ರೆ, ಮಳೆಗಾಲ ಮುಗಿಯುವವರೆಗೆ ಇದು ಕೊರ್ಂಗುಗಳ ಸ್ಟ್ಯಾಂಡ್" ಅಂತಾರೆ. ಓಡಿಸುವ ಯೋಚನೆ ಅವರಿಗಿಲ್ಲ. ಬೈಯುತ್ತಲೇ ಜಾಗ ಬಿಟ್ಟುಕೊಟ್ಟಿದ್ದಾರೆ.

ಮೂರು ಮಳೆಗಾಲ ಈ ಮರದ ಬುಡಕ್ಕೆ ಒಬ್ಬ ಹುಡುಗಿ ಬರುತ್ತಿದ್ದಳು. ಪಿಎಚ್‌ಡಿ ವಿದ್ಯಾರ್ಥಿನಿ. ಕೈಗೆ ಗ್ಲೌಸ್, ಹೆಗಲಿಗೆ ಥರ್ಮೋಕೋಲ್ ಪೆಟ್ಟಿಗೆ. ಗೂಡಿನಿಂದ ಬಿದ್ದು ಸತ್ತ ಮರಿ, ಒಡೆದ ಮೊಟ್ಟೆಯ ಚಿಪ್ಪು, ಗರಿ, ಜೊತೆಗೆ ಮರಿಗಳ ವಾಂತಿ, ಇಷ್ಟನ್ನೂ ಹೆಕ್ಕಿ, ಕವರಿಗೆ ಹಾಕಿ, ಮೇಲೆ ತಾರೀಕು ಬರೆಯುತ್ತಿದ್ದಳು. ವಾಂತಿ ಯಾಕೆ ಅಂದರೆ, ಹೆದರಿದ ಕೂಡಲೇ ಬಕದ ಮರಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಬಿಡುತ್ತದೆ. ಒಮ್ಮೆ ನನ್ನೆದುರೇ ಒಂದನ್ನು ಕಡ್ಡಿಯಲ್ಲಿ ಬಿಡಿಸಿ ತೋರಿಸಿದಳು. ಅರ್ಧ ಕರಗಿದ ಮೂರು ಸಣ್ಣ ಮೀನು, ಒಂದು ಸಿಗಡಿ, ಏಡಿಯ ಕಾಲು, ಬೆರಳುದ್ದದ ನೈಲಾನ್ ದಾರ. ನಾನು ಮೂಗು ಮುಚ್ಚಿಕೊಂಡೆ. ಅವಳು ದಾರವನ್ನು ಅಳತೆ ಮಾಡುತ್ತಿದ್ದಳು.

ಹಕ್ಕಿಯ ಆರೋಗ್ಯ ನೋಡಲು ಇಷ್ಟೆಲ್ಲ ಕಸ ಯಾಕೆ ಬೇಕು? ಗರಿಯಿಂದಲೇ ಶುರು ಮಾಡೋಣ. ಗರಿ ಬೆಳೆಯುವಾಗ ಅದಕ್ಕೆ ರಕ್ತ ಹರಿಯುತ್ತಿರುತ್ತದೆ. ರಕ್ತದಲ್ಲಿ ಪಾದರಸ ಇದ್ದರೆ ಅದೂ ಗರಿಯೊಳಗೆ ಸೇರಿ ಗಟ್ಟಿಯಾಗಿ ಕೂರುತ್ತದೆ. ಬೆಳವಣಿಗೆ ಮುಗಿದ ಮೇಲೆ ರಕ್ತ ಬರುವುದು ನಿಲ್ಲುತ್ತದೆ, ಆ ಗರಿಯ ಲೆಕ್ಕ ಅಲ್ಲಿಗೆ ಮುಚ್ಚಿತು. ಒಂಥರಾ ಪಾಸ್‌ಬುಕ್. ದೊಡ್ಡ ಹಕ್ಕಿಯದಾದರೆ ಅದರ ಗರಿ ಬೇರೆಲ್ಲೋ ಇದ್ದಾಗ ಮೂಡಿದ್ದಿರಬಹುದು. ಮರಿಯ ವಿಷಯದಲ್ಲಿ ಆ ತಕರಾರಿಲ್ಲ. ಅದು ಇನ್ನೂ ಹಾರಿಲ್ಲ. ಅದರ ಮೈಯಲ್ಲಿ ಇರುವುದೆಲ್ಲ ಒಂದೋ ತಾಯಿ ಮೊಟ್ಟೆಯಲ್ಲಿ ಇಟ್ಟು ಕೊಟ್ಟದ್ದು, ಇಲ್ಲವೇ ಅಪ್ಪ ಅಮ್ಮ ಸುತ್ತಲಿನ ಗದ್ದೆ, ಹೊಳೆ, ಅಳಿವೆಯಿಂದ ತಂದು ಉಣಿಸಿದ್ದು. ಅಂದರೆ ಮರಿಯ ಗರಿ ಹೇಳುವುದು ನಮ್ಮೂರಿನ ನೀರಿನ ಕತೆ.

ಇದೇ ಗರಿ ಮರಿಯನ್ನು ಕಾಪಾಡುತ್ತದೆ ಕೂಡ. ಗರಿ ಬೆಳೆಯುವಷ್ಟು ದಿನ ಮೈಯ ಪಾದರಸ ಅಲ್ಲಿಗೆ ಹೋಗಿ ಸೇರುವುದರಿಂದ ರಕ್ತದಲ್ಲಿ ಅದರ ಪ್ರಮಾಣ ಕಡಿಮೆ ಇರುತ್ತದೆ. ಗರಿ ಪೂರ್ತಿ ಬಲಿತ ಮೇಲೆ ಆ ದಾರಿ ಬಂದ್. ರಕ್ತದಲ್ಲಿ ಮತ್ತೆ ಏರತೊಡಗುತ್ತದೆ. ಅದು ಎಂಥ ಹೊತ್ತು ನೋಡಿ, ಗೂಡು ಬಿಟ್ಟು ತಾನೇ ಮೀನು ಹಿಡಿಯಲು ಕಲಿಯಬೇಕಾದ ಹೊತ್ತು.

ಪಾದರಸ ಹೊಳೆಗೆ ಬರುವುದು ಕಲ್ಲಿದ್ದಲ ಹೊಗೆಯಿಂದ, ಕಾರ್ಖಾನೆಯಿಂದ, ಕಸದ ರಾಶಿಯಿಂದ. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸ ಎಂಬ, ಜೀವಿಗಳ ಮೈಗೆ ಸೇರುವ ರೂಪಕ್ಕೆ ತರುತ್ತವೆ. ಅದನ್ನು ಪಾಚಿ ಹೀರುತ್ತದೆ, ಪಾಚಿಯನ್ನು ಹುಳ, ಹುಳವನ್ನು ಸಣ್ಣ ಮೀನು, ಆ ಮೀನನ್ನು ದೊಡ್ಡ ಮೀನು ತಿನ್ನುತ್ತವೆ. ಒಂದೊಂದು ಮೆಟ್ಟಿಲು ಹತ್ತಿದ ಹಾಗೆ ಜಾಸ್ತಿಯಾಗುತ್ತಾ ಹೋಗುತ್ತದೆ. ಮೇಲಿನ ಮೆಟ್ಟಿಲಲ್ಲಿ ಕೊಕ್ಕರೆ ಕೂತಿದೆ. ಅದರ ಪಕ್ಕದಲ್ಲೇ ಮಧ್ಯಾಹ್ನದ ಊಟಕ್ಕೆ ಮೀನು ಸಾರು ಬೇಕೇ ಬೇಕು ಅನ್ನುವ ನಾವೂ ಇದ್ದೇವೆ.

ವಿಷ ಅಂದ ಕೂಡಲೇ ನಮಗೆ ಕಣ್ಣಿಗೆ ಬರುವುದು ಹಕ್ಕಿ ದೊಪ್ಪನೆ ಸತ್ತು ಬೀಳುವ ಚಿತ್ರ. ಹಾಗೂ ಆಗುವುದುಂಟು. ಆದರೆ ಹೆಚ್ಚಿನ ಸಲ ಅಷ್ಟು ನಾಟಕೀಯ ಏನೂ ನಡೆಯುವುದಿಲ್ಲ. ಅಮೆರಿಕದ ಜೋನಾ ಬರ್ಗರ್ ಮತ್ತು ಮೈಕಲ್ ಗೋಕ್‌ಫೆಲ್ಡ್ ಹೆರಿಂಗ್ ಗಲ್ ಎಂಬ ಕಡಲಹಕ್ಕಿಯ ಮರಿಗಳಿಗೆ ಸೀಸ ಕೊಟ್ಟು ನೋಡಿದರು. ಅದೂ ಹೊರಗಿನ ಮರಿಗಳಲ್ಲಿ ನಿಜವಾಗಿ ಕಂಡುಬಂದಷ್ಟೇ ಪ್ರಮಾಣ. ಮರಿಗಳು ಸಾಯಲಿಲ್ಲ. ಆದರೆ ನಡೆಯುವಾಗ ಸಮತೋಲ ತಪ್ಪುತ್ತಿದ್ದವು, ತಮ್ಮ ಪೋಷಕರನ್ನು ಗುರುತು ಹಿಡಿಯಲು ತಡವರಿಸುತ್ತಿದ್ದವು. ನೂರಾರು ಹಕ್ಕಿ ಒಟ್ಟಿಗೆ ಗಲಾಟೆ ಮಾಡುವ ಕಡೆ ತನ್ನ ತಾಯಿ ಯಾರು ಅಂತ ಗೊತ್ತಾಗದ ಮರಿಗೆ ಊಟ ಎಲ್ಲಿಂದ ಸಿಗಬೇಕು?

ಫ್ಲಾರಿಡಾದಲ್ಲಿ ಪೀಟರ್ ಫ್ರೆಡರಿಕ್ ಮತ್ತು ಶ್ರೀಲಂಕಾದ ನಿಲ್ಮಿನಿ ಜಯಸೇನ 160 ಬಿಳಿ ಐಬಿಸ್‌ಗಳನ್ನು 2005ರಿಂದ ಮೂರು ವರ್ಷ ದೊಡ್ಡ ಪಂಜರದಲ್ಲಿ ಸಾಕಿದರು. ನಮ್ಮ ಕೆಂಬರಲಿನ ನೆಂಟ ಅದು. ಮೂರು ಗುಂಪಿಗೆ ಊಟದಲ್ಲಿ ಚೂರುಚೂರು ಮೀಥೈಲ್ ಪಾದರಸ, ಒಂದು ಗುಂಪಿಗೆ ಶುದ್ಧ ಊಟ. ಪಾದರಸ ತಿಂದ ಗುಂಪುಗಳಲ್ಲಿ ಶೇ 55ರಷ್ಟರವರೆಗೆ ಗಂಡುಗಳು ಗಂಡುಗಳ ಜೊತೆಯೇ ಜೋಡಿ ಕಟ್ಟಿ ಗೂಡು ಮಾಡಿದವು. ಪತ್ರಿಕೆಗಳು ಇದನ್ನೇ ಹಿಡಿದುಕೊಂಡು ಚಪ್ಪರಿಸಿದವು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಒಂದು ಹಕ್ಕಿಯೂ ಕಾಯಿಲೆ ಬಿದ್ದ ಹಾಗೆ ಕಾಣುತ್ತಿರಲಿಲ್ಲ. ಹಾರುತ್ತಿದ್ದವು, ತಿನ್ನುತ್ತಿದ್ದವು, ಗೂಡು ಕಟ್ಟುತ್ತಿದ್ದವು. ಮರಿಗಳ ಸಂಖ್ಯೆ ಮಾತ್ರ ಇಳಿದಿತ್ತು. ಮರದ ಕೆಳಗೆ ನಿಂತು ನೋಡುವವನಿಗೆ 'ಹಕ್ಕಿ ಚೆನ್ನಾಗಿವೆ' ಅಂತಲೇ ಅನ್ನಿಸುತ್ತದೆ.

ಇಷ್ಟು ಸೂಕ್ಷ್ಮ ಏಟನ್ನು ಹಿಡಿಯುವ ಪರೀಕ್ಷೆ ಕೆಲವೊಮ್ಮೆ ಬಹಳ ಸರಳ. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಕೀತ್ ಗ್ರಾಸ್‌ಮನ್ ತಂಡ ಮರಿಗಳ ರೆಕ್ಕೆಯ ತೆಳು ಚರ್ಮಕ್ಕೆ ರಾಜ್ಮಾ ಕಾಳಿನಿಂದ ತೆಗೆದ ಒಂದು ಪ್ರೋಟೀನ್ ಚುಚ್ಚಿತು. ಹೌದು, ಅದೇ ರಾಜ್ಮಾ. ರೋಗನಿರೋಧಕ ಶಕ್ತಿ ಗಟ್ಟಿ ಇದ್ದರೆ ಮಾರನೇ ದಿನ ಅಲ್ಲಿ ಚೆನ್ನಾಗಿ ಊದಿಕೊಳ್ಳಬೇಕು. ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ಹೆಚ್ಚಿದ್ದ ಕಡೆಯ ಮರಿಗಳಲ್ಲಿ ಊತ ಕಡಿಮೆ ಬಂತು. ಇಂಥ ಮರಿ ಮುಂದೆ ಯಾವುದೋ ಹುಳದಿಂದಲೋ ಜ್ವರದಿಂದಲೋ ಸಾಯುತ್ತದೆ. ಕೇಸು ಹುಳದ ಮೇಲೆ ದಾಖಲಾಗುತ್ತದೆ.

ಹುಳ ಅಂದಾಗ ಕೊಕ್ಕರೆಬೆಳ್ಳೂರು ನೆನಪಾಗುತ್ತದೆ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಕೊಯ್ದು ನೋಡಿದಾಗ ಹೊಟ್ಟೆ ತುಂಬ ಜಂತುಹುಳ. ಮೀನು ತಿನ್ನುವ ಹಕ್ಕಿಗೆ ಜಂತು ಹೊಸದಲ್ಲ. ಎಷ್ಟಿದ್ದರೆ ಮಾಮೂಲು, ಎಷ್ಟಾದರೆ ಅಪಾಯ, ಹಕ್ಕಿ ಮೊದಲೇ ಸೋತಿತ್ತಾ ಎಂದು ಹೇಳಬೇಕಾದರೆ ಯಾರೂ ಸಾಯದಿದ್ದ ವರ್ಷಗಳ ಲೆಕ್ಕ ಬೇಕು. ಆ ವರ್ಷಗಳಲ್ಲಿ ಲೆಕ್ಕ ಇಡಲು ಹಣ ಕೊಡುವವರು ಯಾರು?

ಇಲ್ಲೇ ನೋಡಿ ಗಂಟು ಇರುವುದು. ಅನಾಹುತ ಆದ ಮೇಲೆ ಹಣ ಬರುತ್ತದೆ. 1970ರಲ್ಲಿ ಕ್ಯಾಲಿಫೋರ್ನಿಯಾದ ಅನಕಾಪಾ ದ್ವೀಪದಲ್ಲಿ ಕಂದು ಹೆಜ್ಜಾರ್ಲೆಗಳು 552 ಗೂಡು ಕಟ್ಟಿದ್ದವು. ಬದುಕಿ ಉಳಿದ ಮರಿ ಒಂದೇ ಒಂದು. ಡಿಡಿಟಿ ಎಂಬ ಕೀಟನಾಶಕದಿಂದ ಮೊಟ್ಟೆಯ ಚಿಪ್ಪಿಗೆ ಸುಣ್ಣದಂಶ ಸಾಕಷ್ಟು ಸೇರುತ್ತಿರಲಿಲ್ಲ. ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಚಿಪ್ಪು ಒಡೆಯುತ್ತಿತ್ತು. ಎರಡು ವರ್ಷದಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು. ಆ ಹಕ್ಕಿ ಅಪಾಯದ ಪಟ್ಟಿಯಿಂದ ಹೊರಬಂದದ್ದು 2009ರಲ್ಲಿ.

ಕೆನಡಾದವರು ಇನ್ನೊಂದು ದಾರಿ ಹಿಡಿದರು. 1974ರಿಂದ ಮಹಾಸರೋವರಗಳ ಆಯ್ದ ನೆಲೆಗಳಿಂದ ಪ್ರತಿ ವರ್ಷ ಹೆರಿಂಗ್ ಗಲ್‌ನ ಒಂದಿಷ್ಟು ಮೊಟ್ಟೆ ತೆಗೆದು ಪರೀಕ್ಷೆ ಮಾಡುತ್ತಾ ಬಂದರು. ಒಂದು ನೆಲೆಯಿಂದ ಹತ್ತು ಹದಿಮೂರು ಮೊಟ್ಟೆ, ಅಷ್ಟೆ. ಜಾಣತನ ಇದ್ದದ್ದು ಮುಂದಿನ ಹೆಜ್ಜೆಯಲ್ಲಿ. ಉಳಿದದ್ದನ್ನು ಎಸೆಯದೆ ಫ್ರೀಜ್ ಮಾಡಿಟ್ಟರು. ವರ್ಷಗಳ ನಂತರ, ಸೋಫಾಗೂ ಟಿವಿಗೂ ಬೆಂಕಿ ಹತ್ತದಿರಲಿ ಎಂದು ಹಾಕುವ ರಾಸಾಯನಿಕಗಳ ಬಗ್ಗೆ ಅನುಮಾನ ಬಂತು. ಆಗ ಹಳೇ ಮೊಟ್ಟೆಗಳನ್ನು ಹೊರತೆಗೆದರು. 1981ರಿಂದ 2000ದವರೆಗೆ ಆ ರಾಸಾಯನಿಕ ಹೇಗೆ ಏರುತ್ತಾ ಬಂದಿದೆ ಎಂಬುದರ ಪೂರ್ತಿ ಲೆಕ್ಕ ಸಿಕ್ಕಿತು. ಮೊಟ್ಟೆ ತೆಗೆದಿಟ್ಟ ದಿನ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ನಮ್ಮಲ್ಲಿ ಕೆಲಸ ಆಗಿಲ್ಲ ಅಂತಲ್ಲ. ಭರತ್‌ಪುರದಲ್ಲಿ ಸಾರಸ್ ಕೊಕ್ಕರೆಗಳನ್ನು ಕೊಂದದ್ದು ಆಲ್ಡ್ರಿನ್ ಎಂಬ ಕೀಟನಾಶಕ ಎಂದು ಎಸ್. ಮುರಳೀಧರನ್ ತೋರಿಸಿದ್ದು 1993ರಲ್ಲಿ. ಎಂಡೋಸಲ್ಫಾನ್ ಎಂಬ ಇನ್ನೊಂದು ಕೀಟನಾಶಕದ ವಿಷಯ ನಮ್ಮ ಕರಾವಳಿ ಜಿಲ್ಲೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಕ್ಕಡದ ಕಡೆ ಹೋದರೆ ಸಾಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಸಿಂಪಡಿಸಿದ್ದು ವರ್ಷಗಟ್ಟಲೆ, ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಸಿಂಪಡಣೆ ಶುರುವಾದ ದಿನದಿಂದ ಹತ್ತಿರದ ಮರಗಳ ಬೆಳ್ಳಕ್ಕಿ ಮೊಟ್ಟೆಗಳನ್ನು ಯಾರಾದರೂ ಒಂದು ಫ್ರೀಜರಿನಲ್ಲಿ ಇಟ್ಟಿದ್ದರೆ? ಈ ಯೋಚನೆ ಬಂದಾಗೆಲ್ಲ ನನಗೆ ಕೈ ಹಿಸುಕಿಕೊಳ್ಳುವ ಹಾಗಾಗುತ್ತದೆ.

ಮೊಟ್ಟೆ ಮುಟ್ಟುವುದು ನಮ್ಮಲ್ಲಿ ಸುಲಭವೂ ಅಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆ ತೆಗೆದರೆ ಅದೂ 'ಬೇಟೆ'. ಸಂಶೋಧನೆಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇದು ಸರಿಯೇ ಇದೆ. ಅದಕ್ಕೇ ನಮ್ಮ ಹುಡುಗಿ ಅನುಮತಿ ಪತ್ರದ ಜೆರಾಕ್ಸ್ ಬ್ಯಾಗಿನಲ್ಲಿ ಇಟ್ಟುಕೊಂಡೇ, ತಾನಾಗಿ ಬಿದ್ದದ್ದನ್ನು ಮಾತ್ರ ಹೆಕ್ಕುತ್ತಿದ್ದಳು.

ಮೂರು ವರ್ಷ ಆಯಿತು, ಪ್ರಾಜೆಕ್ಟ್ ಮುಗಿಯಿತು. ಮುಂದುವರಿಸಲು ಒಂದು ಕಡೆ ಅರ್ಜಿ ಹಾಕಿದಳಂತೆ. "ಹೊಸದೇನಿದೆ ಇದರಲ್ಲಿ?" ಎಂದು ಕೇಳಿದರಂತೆ. ಅವಳ ಉತ್ತರ ನನಗೆ ಇಷ್ಟವಾಯಿತು. "ನಾಲ್ಕನೇ ವರ್ಷ ಇದೆ, ಸರ್."

2020-21ರ ಲೆಕ್ಕದಲ್ಲಿ ಭಾರತ ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ 0.64ರಷ್ಟು. ಅದರಲ್ಲಿ ಬಕದ ವಾಂತಿಯ ಪಾಲು ಎಷ್ಟಿರಬಹುದು, ನೀವೇ ಊಹಿಸಿ. 2023ರ ಕಾಯ್ದೆಯಿಂದ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಐದು ವರ್ಷಕ್ಕೆ 50,000 ಕೋಟಿ ಅನ್ನುತ್ತದೆ, ಹೆಚ್ಚಿನ ಪಾಲು ಖಾಸಗಿಯವರಿಂದ ಬರಬೇಕು. ಇನ್ನೊಂದು ಬಾಗಿಲು ಸಿಎಸ್‌ಆರ್. ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಪರಿಸರ, ಪ್ರಾಣಿಪಕ್ಷಿ ರಕ್ಷಣೆ ಆ ಪಟ್ಟಿಯಲ್ಲಿವೆ. ಸರ್ಕಾರಿ ವಿಶ್ವವಿದ್ಯಾಲಯಗಳ ಸಂಶೋಧನೆಗೂ ಕೊಡಬಹುದು. ಮಂಗಳೂರಿನ ಕಾರ್ಖಾನೆಗಳಿರುವ ಪಣಂಬೂರು, ಬೈಕಂಪಾಡಿ ಕಡೆ ಒಂದು ಸುತ್ತು ಹಾಕಿದರೆ ಈ ಬಾಗಿಲು ನಮ್ಮೂರಿಗೆ ಎಷ್ಟು ಹತ್ತಿರ ಅಂತ ಗೊತ್ತಾಗುತ್ತದೆ.

ಹೊಗೆ ಬಿಡುವವನ ಹಣದಿಂದ ಹೊಗೆಯ ಲೆಕ್ಕ ಹಾಕಿದರೆ ನಂಬುವುದು ಹೇಗೆ? ಈ ಅನುಮಾನ ಸರಿಯಾದದ್ದೇ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ತೈಲ ಸೋರಿದ ಮೇಲೆ ಬಿಪಿ ಕಂಪನಿ ಹತ್ತು ವರ್ಷದ ಸಂಶೋಧನೆಗೆ 50 ಕೋಟಿ ಡಾಲರ್ ಇಟ್ಟಿತು. ಆದರೆ ಹಣ ಯಾರಿಗೆ ಎಂದು ತೀರ್ಮಾನಿಸಿದ್ದು ವಿಜ್ಞಾನಿಗಳ ಸ್ವತಂತ್ರ ಮಂಡಳಿ. ಫಲಿತಾಂಶ ಯಾರ ಪರ ಬಂದರೂ ಪ್ರಕಟಿಸಬಹುದಿತ್ತು. ಆ ದುರಂತದ ನಂತರದ ಅಧ್ಯಯನಗಳಿಂದ ಗೊತ್ತಾದದ್ದು: ನೀರುಕಾಗೆ ಮೈಗೆ ಹತ್ತಿದ ಎಣ್ಣೆಯನ್ನು ಕೊಕ್ಕಿನಿಂದ ತೀಡಿಕೊಳ್ಳುವಾಗ ನುಂಗುತ್ತದೆ, ಅದರಿಂದ ಕೆಂಪು ರಕ್ತಕಣ ಒಡೆದು ರಕ್ತಹೀನತೆ ಬರುತ್ತದೆ. ಮೇ ತಿಂಗಳಲ್ಲಿ ಸುರತ್ಕಲ್ ಕಡಲತೀರದಲ್ಲಿ ಕಾಲಿಗೆ ಡಾಂಬರಿನ ಉಂಡೆ ಮೆತ್ತಿಸಿಕೊಂಡು, ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆದವರಿಗೆ ಆ ನೀರುಕಾಗೆಯ ಪಾಡು ಸ್ವಲ್ಪ ಅರ್ಥವಾದೀತು.

ಕೋಟಿಗಳನ್ನು ಬಿಡಿ. ಈ ಕೆಲಸಕ್ಕೆ ಬೇಕಾದದ್ದು ದೊಡ್ಡ ಹಣ ಅಲ್ಲ, ನಿಲ್ಲದ ಹಣ. ಅದಕ್ಕೆ ಮಾದರಿ ನಮ್ಮ ಊರಲ್ಲೇ ಇದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಬ್ಯಾಂಕಿನಲ್ಲಿ ಟಿ.ಎಂ.ಎ. ಪೈಗಳು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದರು. ಏಜೆಂಟ್ ಪ್ರತಿದಿನ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನೂ ತೆಗೆದುಕೊಂಡು ಹೋಗುತ್ತಿದ್ದ. ಎರಡಾಣೆಗೆ ಆಗಲೂ ದೊಡ್ಡ ಬೆಲೆ ಇರಲಿಲ್ಲ. ಏಜೆಂಟ್ ಮಾರನೇ ದಿನವೂ ಬರುತ್ತಾನೆ ಎಂಬುದಕ್ಕೆ ಬೆಲೆ ಇತ್ತು. ಕೊಕ್ಕರೆ ಮರಕ್ಕೂ ಅಂಥದ್ದೊಂದು ಖಾತೆ ಬೇಕು. ನೇತ್ರಾವತಿ, ಫಲ್ಗುಣಿ, ಸುವರ್ಣೆ, ಸೀತೆ, ಉಡುಪಿಯ ಕೊಳಚೆ ಹೊತ್ತು ಹರಿಯುವ ಇಂದ್ರಾಣಿ, ಒಂದೊಂದರ ಹತ್ತಿರ ಒಂದೊಂದು ಮರ ಆರಿಸಿಕೊಂಡರೆ ಸಾಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೋಗಿ ಬರುವ ಒಬ್ಬರು, ಒಂದು ಫ್ರೀಜರ್, ಕರೆಂಟ್ ಬಿಲ್. ಪರೀಕ್ಷೆಗೆ ಹಣ ಈ ವರ್ಷ ಇಲ್ಲದಿದ್ದರೂ ಪರವಾಗಿಲ್ಲ, ಗರಿಯೊಳಗಿನ ಪಾದರಸ ಎಲ್ಲೂ ಓಡಿಹೋಗುವುದಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ. ಕೊಣಾಜೆಯಲ್ಲಿ ವಿಶ್ವವಿದ್ಯಾಲಯ, ಸುರತ್ಕಲ್‌ನಲ್ಲಿ ಎನ್‌ಐಟಿಕೆ ಎಂಜಿನಿಯರಿಂಗ್ ಸಂಸ್ಥೆ, ಮಣಿಪಾಲದಲ್ಲಿ ಇನ್ನೊಂದು ವಿಶ್ವವಿದ್ಯಾಲಯ. ಫ್ರೀಜರ್ ಇಡಲು ಜಾಗಕ್ಕೇನೂ ಕೊರತೆ ಇಲ್ಲ.

ಈ ಜುಲೈಯಲ್ಲಿ ಮಲ್ಪೆಗೆ ಹೋಗುವಾಗ ಸ್ಟ್ಯಾಂಡ್ ಹತ್ತಿರ ನಿಲ್ಲಿಸಿದೆ. ರಿಕ್ಷಾಗಳು ಎಂದಿನಂತೆ ಮೂವತ್ತು ಹೆಜ್ಜೆ ಆಚೆ ಇದ್ದವು. ಮರ ತುಂಬ ಕಚಪಿಚ.

"ಆ ಮೇಡಂ ಈ ಸಲ ಬರ್ಲಿಲ್ವಾ?" ಹಿರಿಯ ಚಾಲಕರು ಕೇಳಿದರು.

"ಇಲ್ಲ, ಅವರ ಪ್ರಾಜೆಕ್ಟ್ ಮುಗೀತು."

"ಓ," ಅಂದರು. ಸ್ವಲ್ಪ ಹೊತ್ತು ಮರ ನೋಡಿದರು. "ನಿನ್ನೆ ಎರಡು ಮರಿ ಬಿದ್ದಿತ್ತು. ನಾಯಿ ತಿಂತು."