ಟೇಪ್‌ಔಟ್ ಅಂದರೆ ಏನು?

"ಮುಂದಿನ ಗ್ರಾಫಿಕ್ಸ್ ಕಾರ್ಡಿನ ಚಿಪ್ ಟೇಪ್‌ಔಟ್ ಆಯ್ತಂತೆ." ಇಷ್ಟು ಸುದ್ದಿ ಸೋರಿದರೆ ಸಾಕು. ಗೇಮ್ ಆಡುವವರು ಹಳೆ ಕಾರ್ಡ್ ಯಾವಾಗ ಮಾರಬೇಕು ಅಂತ ಯೋಚಿಸುತ್ತಾರೆ. ಷೇರು ಕೊಳ್ಳುವವರು ಮುಂದಿನ ತ್ರೈಮಾಸಿಕದ ಲಾಭದ ಲೆಕ್ಕ ಶುರು ಮಾಡುತ್ತಾರೆ. ಇಬ್ಬರಿಗೂ ಅದು 'ಕಾರ್ಡ್ ರೆಡಿ' ಅಂತಲೇ ಕೇಳಿಸುತ್ತದೆ. ಆದರೆ ಕಾರ್ಡ್ ಇನ್ನೂ ತುಂಬಾ ದೂರ ಇರುತ್ತದೆ.

ಚಿಪ್ಪಿನ ವಿನ್ಯಾಸ ಮುಗಿದು, ಅದರ ಫೈಲ್ ಕಾರ್ಖಾನೆಗೆ ಹೋಗುವುದೇ ಟೇಪ್‌ಔಟ್. ಗ್ರಾಫಿಕ್ಸ್ ಚಿಪ್ ವಿನ್ಯಾಸ ಮಾಡುವ ಎನ್ವಿಡಿಯಾ, ಎಎಂಡಿ ಕಂಪನಿಗಳೆರಡಕ್ಕೂ ಈಗ ಸ್ವಂತ ಚಿಪ್ ಕಾರ್ಖಾನೆ ಇಲ್ಲ. ಹೆಚ್ಚಾಗಿ ತೈವಾನಿನ ಟಿಎಸ್‌ಎಂಸಿ ಮಾಡಿಕೊಡುತ್ತದೆ. ಆ ಫೈಲಿನಿಂದ ಮೊದಲು ಮಾಸ್ಕ್‌ಗಳು ತಯಾರಾಗಬೇಕು. ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿನಿಂದ ಗೆರೆ ಮೂಡಿಸುವ ಅಚ್ಚುಗಳು ಇವು, ಒಂದು ಚಿಪ್ಪಿಗೆ ಹತ್ತಾರು ಬೇಕು. ಹಿಂದೆ ಈ ಮಾಹಿತಿಯನ್ನು ಮ್ಯಾಗ್ನೆಟಿಕ್ ಟೇಪಿನಲ್ಲಿ ತುಂಬಿ ಕಳಿಸುತ್ತಿದ್ದರು. ಟೇಪ್ ಹೋಯಿತು, ಹೆಸರು ಉಳಿಯಿತು.

ಫೈಲ್ ಹೋದ ಮೇಲೆ ಮೊದಲ ಚಿಪ್ ಕೈಗೆ ಬರಲು ತಿಂಗಳುಗಳೇ ಬೇಕು. ಬಂದ ಮೇಲೆ ಅಸಲಿ ಪರೀಕ್ಷೆ. ತಪ್ಪು ಸಿಕ್ಕಿದರೆ ತಿದ್ದಿ ಮತ್ತೆ ಕಳಿಸಬೇಕು. ಹೀಗೆ ತಿದ್ದಿದ ಪ್ರತಿ ಆವೃತ್ತಿಗೂ ಸ್ಟೆಪ್ಪಿಂಗ್ ಅಂತ ಹೆಸರು. ಎನ್ವಿಡಿಯಾದ್ದಾದರೆ ಎ1, ಎ2, ಬಿ1 ಅಂತ ಚಿಪ್ಪಿನ ಮೇಲೇ ಬರೆದಿರುತ್ತದೆ, ಎ1 ಅಂದರೆ ಮೊದಲನೆಯದು. ಮೇಲಿನ ಲೋಹದ ಪದರಗಳನ್ನಷ್ಟೇ ಬದಲಿಸಿದರೆ ಸಾಮಾನ್ಯವಾಗಿ ಅಂಕಿ ಬದಲಾಗುತ್ತದೆ. ಬುಡದಿಂದಲೇ ತಿದ್ದಿದರೆ ಅಕ್ಷರವೇ ಬದಲಾಗುತ್ತದೆ, ಕಾಯುವುದೂ ಜಾಸ್ತಿ.

ಎನ್ವಿಡಿಯಾದ ಫರ್ಮಿ ಅನ್ನೋ ಚಿಪ್ ಇದಕ್ಕೆ ನನಗೆ ಮೊದಲು ನೆನಪಾಗುವ ಉದಾಹರಣೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಕಂಪನಿ ಅದನ್ನು ಘೋಷಿಸಿತು. ವೇದಿಕೆಯಲ್ಲಿ ಕಂಪನಿಯ ಮುಖ್ಯಸ್ಥ ಜೆನ್ಸನ್ ಹುವಾಂಗ್ ಎತ್ತಿ ತೋರಿಸಿದ್ದು ಮಾದರಿ ಕಾರ್ಡ್, ಕೆಲಸ ಮಾಡುವಂಥದ್ದಲ್ಲ. ಆ ಚಿಪ್ಪಿನ ಕಾರ್ಡ್ ಜಿಟಿಎಕ್ಸ್ 480 ಬಿಡುಗಡೆಯಾದದ್ದು 2010ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಚಿಪ್ ಎ3 ತಲುಪಿತ್ತು. ವಿನ್ಯಾಸದಲ್ಲಿ 512 ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕ) ಇದ್ದರೂ ಕಾರ್ಡಿನಲ್ಲಿ ಚಾಲೂ ಇದ್ದದ್ದು 480. ಪೂರ್ತಿ 512 ಸಿಕ್ಕಿದ್ದು ಅದೇ ವರ್ಷದ ನವೆಂಬರಿನಲ್ಲಿ, ತಿದ್ದಿದ ಚಿಪ್ಪಿನ ಜಿಟಿಎಕ್ಸ್ 580ಯಲ್ಲಿ. ಎಲ್ಲಾ ಚಿಪ್ಪಿನ ಕತೆಯೂ ಹೀಗಲ್ಲ, ಎನ್ವಿಡಿಯಾದ್ದೇ ಆರ್‌ಟಿಎಕ್ಸ್ 4090 ಕಾರ್ಡಿನ ಚಿಪ್ ಎ1ರಲ್ಲೇ ಅಂಗಡಿಗೆ ಬಂತು. ಆದ್ದರಿಂದ ಟೇಪ್‌ಔಟ್ ದಿನದಿಂದ ತಿಂಗಳು ಎಣಿಸಿ ಬಿಡುಗಡೆಯ ದಿನ ಹೇಳುವವರನ್ನು ನಂಬಿ ದುಡ್ಡು ಹಾಕಬೇಡಿ.

ಹಾಗಾದರೆ ಈ ಸುದ್ದಿಯಿಂದ ಏನೂ ಗೊತ್ತಾಗಲ್ವಾ? ಗೊತ್ತಾಗುತ್ತದೆ. ಚಿಪ್ಪಿನಲ್ಲಿ ಗರಿಷ್ಠ ಎಷ್ಟು ಕೋರ್, ಕ್ಯಾಶ್ (ಚಿಪ್ಪಿನೊಳಗಿನ ಪುಟ್ಟ ಮೆಮೊರಿ) ಎಷ್ಟು, ಮೆಮೊರಿ ಬಸ್ (ಮೆಮೊರಿಗೆ ಮಾಹಿತಿ ಓಡಾಡುವ ದಾರಿ) ಎಷ್ಟು ಅಗಲ, ಇವೆಲ್ಲ ಅಷ್ಟರಲ್ಲಿ ನಿಂತುಬಿಟ್ಟಿರುತ್ತವೆ. ಈ ಬಗ್ಗೆ ಬರುವ ಸೋರಿಕೆಗೆ ಸ್ವಲ್ಪ ಬೆಲೆ ಕೊಡಬಹುದು. ಆದರೆ ಎಷ್ಟು ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ, ಎಷ್ಟು ವ್ಯಾಟ್ ತಿನ್ನುತ್ತದೆ, ಎಷ್ಟು ಕೋರ್ ಚಾಲೂ ಇರುತ್ತವೆ, ಇದೆಲ್ಲ ಚಿಪ್ ಕೈಗೆ ಬಂದು ಪರೀಕ್ಷೆಯಾದ ಮೇಲಿನ ಮಾತು. ಟೇಪ್‌ಔಟ್ ಸುದ್ದಿಯ ಜೊತೆಗೇ ಕ್ಲಾಕ್ ವೇಗವನ್ನೂ ಖಚಿತವಾಗಿ ಹೇಳಿದ್ದರೆ ಅದು ಊಹೆ ಅಂತಲೇ ತಿಳಿಯಿರಿ.

ಹೆಸರು, ಬೆಲೆ ಇನ್ನೂ ಕೊನೆಗೆ. 2022ರ ಸೆಪ್ಟೆಂಬರಿನಲ್ಲಿ ಎನ್ವಿಡಿಯಾ 12 ಜಿಬಿಯ ಆರ್‌ಟಿಎಕ್ಸ್ 4080 ಅನ್ನು 899 ಡಾಲರ್‌ಗೆ ಘೋಷಿಸಿತು. ಅದೇ ಹೆಸರಿನ 16 ಜಿಬಿ ಕಾರ್ಡಿನಲ್ಲಿ ಬೇರೆಯೇ ದೊಡ್ಡ ಚಿಪ್ ಇತ್ತು, ಜನ ಸಿಟ್ಟಾದರು. ಅಕ್ಟೋಬರಿನಲ್ಲಿ ಕಂಪನಿ 12 ಜಿಬಿ ಕಾರ್ಡನ್ನು ಹಿಂದಕ್ಕೆ ಪಡೆಯಿತು. 2023ರ ಜನವರಿಯಲ್ಲಿ ಅದೇ ಚಿಪ್ ಆರ್‌ಟಿಎಕ್ಸ್ 4070 ಟಿಐ ಅನ್ನೋ ಹೆಸರಿನಲ್ಲಿ, 799 ಡಾಲರ್‌ಗೆ ಬಂತು.